ಸೋರುವ ಕಾರು ಮತ್ತು ಮೊದಲೇ ಬರೆದಿಟ್ಟ ತೀರ್ಮಾನ: ವಿಜ್ಞಾನ ಬೋಧನಾ ಅಭ್ಯಾಸದ ಒಂದು ಪಾಠ ಅಧ್ಯಯನ

ಕಳೆದ ಮಳೆಗಾಲದ ಬೋಧನಾ ಅಭ್ಯಾಸದ ಅವಧಿಯಲ್ಲಿ 9ನೇ ತರಗತಿಗೆ ನಡೆದ ಎರಡು ಪಾಠಗಳ ವರದಿ ಇದು. ಪಾಠದ ವಿಷಯ ‘ವೈಜ್ಞಾನಿಕ ವಿಧಾನ’. ಬೋಧನೋಪಕರಣ ನನ್ನ ಹಳೆಯ ಕಾರು. ಮೊದಲ ಪಾಠ ಮುಗಿದಾಗ ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂದು ಬರೆದು ಸಹಿ ಮಾಡಿದೆ. ಆದರೆ ಆ ಪಾಠದ ತೀರ್ಮಾನ ತಪ್ಪಾಗಿತ್ತು. ಅದನ್ನು ಮೊದಲು ಗುರುತಿಸಿದವನು ನಾನಲ್ಲ, ಪಾಠ ಮಾಡಿದ ಪ್ರಶಿಕ್ಷಣಾರ್ಥಿಯೂ ಅಲ್ಲ. ಬಾನೆಟ್ ಪಕ್ಕದಲ್ಲಿ ನೀರಿನ ಪೈಪ್ ಹಿಡಿದು ನಿಂತಿದ್ದ ಒಬ್ಬ ಹುಡುಗ.

ಕಾರಿನ ಕಥೆ ಸ್ವಲ್ಪ ಹೇಳಬೇಕು. ಇಪ್ಪತ್ತು ವರ್ಷ ದಾಟಿದ ಸಣ್ಣ ಗಾಡಿ, ಮುಂದಿನ ಗಾಜು ರಬ್ಬರ್ ಬೀಡಿಂಗ್‌ನಲ್ಲಿ ಕೂತಿರುವ ಹಳೆಯ ಮಾದರಿ. ಮಲೆನಾಡಿನ ಜುಲೈ ತಿಂಗಳ ಮಳೆಗೆ ಎಡಭಾಗದ ಹಿಂದಿನ ಸೀಟಿನ ಕಾಲಬುಡದಲ್ಲಿ ನೀರು ನಿಲ್ಲತೊಡಗಿತು. ಮೊದಲು ಬೂಸಲು ವಾಸನೆ, ಆಮೇಲೆ ಬೆಳಿಗ್ಗೆ ಗಾಜಿನ ಒಳಗೆಲ್ಲ ಮಂಜು, ಆಮೇಲೆ ಕಾರ್ಪೆಟ್ ಒತ್ತಿದರೆ ಪಚ್ ಎನ್ನುವ ಸದ್ದು. ಗಾಜಿನ ಬೀಡಿಂಗ್ ಹಳೆಯದಾಗಿದೆ ಎಂದು ನಾನೇ ತೀರ್ಮಾನಿಸಿ, ಗ್ಯಾರೇಜೊಂದರಲ್ಲಿ ಅದರ ಸುತ್ತ ಎರಡು ಬಾರಿ ಸಿಲಿಕೋನ್ ಹಾಕಿಸಿದ್ದೆ. ನೀರು ನಿಲ್ಲಲಿಲ್ಲ. ಕಾರ್ಪೆಟ್ ಎತ್ತಿ ನೋಡಿದ ದಿನ ಸೀಟಿನ ಬೋಲ್ಟ್ ಸುತ್ತ ತಗಡು ಕಂದು ಪುಡಿಯಾಗಿ ಕೈಗೆ ಬಂತು. ಆಗ ಹೆದರಿದೆ. ಸೀಟು, ಸೀಟ್ ಬೆಲ್ಟ್ ಎಲ್ಲ ಆ ತಗಡನ್ನೇ ನಂಬಿಕೊಂಡಿವೆ. ವಾರಕ್ಕೆ ಎರಡು ದಿನ ನಾಲ್ವರು ಪ್ರಶಿಕ್ಷಣಾರ್ಥಿಗಳನ್ನು ದೂರದ ಶಾಲೆಗೆ ಅದರಲ್ಲೇ ಕೂರಿಸಿಕೊಂಡು ಹೋಗುತ್ತಿದ್ದೆ.

ವಿಜ್ಞಾನ ವಿಧಾನದ ತರಗತಿಯಲ್ಲಿ ಇದನ್ನು ಹೇಳಿಕೊಂಡಾಗ ಒಬ್ಬ ಪ್ರಶಿಕ್ಷಣಾರ್ಥಿ, “ಸರ್, ಇದನ್ನೇ ಪಾಠ ಮಾಡಬಹುದಲ್ಲ?” ಎಂದ. ಶಾಲೆಯ ಹೊರಗಿನ ಬದುಕಿಗೆ ಕಲಿಕೆಯನ್ನು ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುತ್ತದೆಂದು ನಾವು ಪರೀಕ್ಷೆಗೆ ಬರೆಸುತ್ತೇವೆ. ಅದಕ್ಕೊಂದು ಅವಕಾಶ ತಾನಾಗಿ ಸೋರಿಕೊಂಡು ಬಂದಿತ್ತು.

ಮೊದಲ ಪಾಠ

ಪಾಠಯೋಜನೆ 5ಇ ಮಾದರಿಯಲ್ಲಿ ಅಚ್ಚುಕಟ್ಟಾಗಿತ್ತು. ಸಮಸ್ಯೆ, ಐದು ಊಹೆಗಳು, ಪ್ರಯೋಗ, ದತ್ತಾಂಶ, ತೀರ್ಮಾನ. ತೀರ್ಮಾನದ ಅಂಕಣದಲ್ಲಿ ‘ಮುಂದಿನ ಗಾಜಿನ ಬೀಡಿಂಗ್ ಮೂಲಕ ನೀರು ಒಳಬರುತ್ತದೆ ಎಂದು ವಿದ್ಯಾರ್ಥಿಗಳು ಕಂಡುಕೊಳ್ಳುವರು’ ಎಂದು ಬರೆದಿತ್ತು. ಯೋಜನೆಗೆ ಸಹಿ ಹಾಕುವಾಗ ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಪಾಠಯೋಜನೆಯ ನಮೂನೆಯಲ್ಲಿ ತೀರ್ಮಾನದ ಅಂಕಣ ಖಾಲಿ ಇದ್ದರೆ ನಾವು ಮಾರ್ಗದರ್ಶಕರು ವಾಪಸ್ ಕೊಡುತ್ತೇವೆ. ತುಂಬಿದ್ದರೆ ಸಹಿ ಹಾಕುತ್ತೇವೆ.

ಸಿದ್ಧತೆ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಕಾರನ್ನು ಕಾಲೇಜಿನ ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ತಂತಿ ಬಿಚ್ಚಿಟ್ಟರು. ಕಾರ್ಪೆಟ್ ಮತ್ತು ಅದರಡಿಯ ಸ್ಪಂಜನ್ನು ಪೂರ್ತಿ ಹೊರತೆಗೆದರು. ಇದನ್ನು ಬಿಟ್ಟರೆ ಉಳಿದ ಯಾವ ಪರೀಕ್ಷೆಗೂ ಅರ್ಥವಿಲ್ಲ, ಏಕೆಂದರೆ ಆ ಸ್ಪಂಜು ಲೀಟರ್‌ಗಟ್ಟಲೆ ನೀರು ಹೀರಿಟ್ಟುಕೊಂಡು ದಿನಗಟ್ಟಲೆ ಬಿಡುತ್ತಿರುತ್ತದೆ. ನಿನ್ನೆಯ ನೀರು ಯಾವುದು, ಇವತ್ತಿನದು ಯಾವುದು ತಿಳಿಯುವುದಿಲ್ಲ. ತಗಡನ್ನು ಒರೆಸಿ ಒಣಗಿಸಿ, 1ರಿಂದ 8ರವರೆಗೆ ಸಂಖ್ಯೆ ಬರೆದ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಹಾಸಿದರು. 1ನೇ ಹಾಳೆ ಎಡಗಡೆ ಡ್ಯಾಶ್‌ಬೋರ್ಡಿನ ಅಡಿ, 3ನೇದು ಎಡ ಮುಂಬಾಗಿಲಿನ ಹೊಸ್ತಿಲ ಬಳಿ. ಟಾರ್ಚ್ ಹಿಡಿದ ಇಬ್ಬರು ಮಕ್ಕಳು ಒಳಗೆ, ಪೈಪ್ ಹಿಡಿದವರು ಹೊರಗೆ, ಒಬ್ಬಳ ಕೈಯಲ್ಲಿ ಗಡಿಯಾರ.

ಪೀಠಿಕೆಯಲ್ಲಿ ಪ್ರಶಿಕ್ಷಣಾರ್ಥಿ ಕೇಳಿದ: “ಹಿಂದಿನ ಸೀಟಿನ ಹತ್ರ ನೀರು ನಿಲ್ಲುತ್ತೆ. ಎಲ್ಲಿಂದ ಬರ್ತಿರಬಹುದು?” ಹಿಂದಿನ ಬಾಗಿಲು, ಹಿಂದಿನ ಗಾಜು ಎಂಬ ಉತ್ತರಗಳು ಬಂದವು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, “ನೀರು ಬಿದ್ದ ಜಾಗದ ಮೇಲೇ ಹಂಚು ಒಡ್ದಿರಲ್ಲ ಸರ್. ಗಾಡಿ ಮನೇಲಿ ಏರಲ್ಲಿ ನಿಲ್ಸ್ತೀರಾ?” ಎಂದಳು. ಪ್ರಶಿಕ್ಷಣಾರ್ಥಿ “ಒಳ್ಳೆಯದು, ಕೂತ್ಕೋ” ಎಂದು ಹೇಳಿ, ಮೊದಲೇ ಚಾರ್ಟಿನಲ್ಲಿ ಬರೆದು ತಂದಿದ್ದ ಐದು ಊಹೆಗಳನ್ನು ತೂಗುಹಾಕಿದ.

ಆ ಒಂದು ವಾಕ್ಯದಲ್ಲಿ ಇಡೀ ಪಾಠ ಇತ್ತು. ಮಂಗಳೂರು ಹಂಚಿನ ಮನೆಯಲ್ಲಿ ಬೆಳೆದ ಮಗುವಿಗೆ ಇದು ಪುಸ್ತಕದ ಜ್ಞಾನವಲ್ಲ. ಒಡೆದ ಹಂಚಿನಿಂದ ಇಳಿದ ನೀರು ರೀಪಿಗೋ ಪಕಾಸಿಗೋ ಅಂಟಿಕೊಂಡು ಇಳಿಜಾರಿನಲ್ಲಿ ಹರಿದು, ಒಂದು ಗಂಟು ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಪಾತ್ರೆ ಇಟ್ಟ ಜಾಗದಿಂದ ಮೇಲಕ್ಕೆ ಹುಡುಕುತ್ತ ಹೋಗುವುದನ್ನು ಅವಳು ಮನೆಯಲ್ಲಿ ಎಷ್ಟು ಸಲ ನೋಡಿದ್ದಾಳೋ. ನನ್ನ ಮನೆಯ ಮುಂದೆ ಕಾರು ನಿಲ್ಲುವುದು ಏರಿನಲ್ಲೇ, ಮೂತಿ ಮೇಲಾಗಿ. ಮುಂದೆ ಬಿದ್ದ ನೀರು ಕಾರ್ಪೆಟ್ ಅಡಿಯಲ್ಲಿ ಹಿಂದಕ್ಕೆ ಹರಿದು ಹಿಂಬದಿಯ ತಗ್ಗಿನಲ್ಲಿ ನಿಲ್ಲುತ್ತಿತ್ತು. ಪಾಠಯೋಜನೆಯ ‘ಪೂರ್ವಜ್ಞಾನ’ ಅಂಕಣದಲ್ಲಿ ‘ವಿದ್ಯಾರ್ಥಿಗಳು ನೀರಿನ ಗುಣಗಳನ್ನು ಬಲ್ಲರು’ ಎಂದಷ್ಟೇ ಇತ್ತು.

ನೀರು ಹಾಕುವ ಕ್ರಮ ಸರಿಯಾಗಿಯೇ ಇತ್ತು: ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಸಂದುಗಳ ಮೇಲೂ ಇಳಿಯುತ್ತದೆ, ಯಾವ ಸಂದು ಎಂದು ಹೇಳಲಾಗದು. ಪೈಪಿಗೆ ಮೂತಿ ಹಾಕಿರಲಿಲ್ಲ; ಒತ್ತಡದ ನೀರು ಮಳೆ ನುಗ್ಗದ ಕಡೆಯೂ ನುಗ್ಗುತ್ತದೆ. ಒಂದೊಂದು ಜಾಗಕ್ಕೆ 5 ನಿಮಿಷ. ಎಡ ಹಿಂಬಾಗಿಲು: ಒಣ. ಎಡ ಮುಂಬಾಗಿಲು: 3ನೇ ಹಾಳೆಯ ಅಂಚು ಸ್ವಲ್ಪ ಒದ್ದೆ, ‘ಬಾಗಿಲು ತೆಗೆದಾಗ ಚಿಮ್ಮಿದ್ದು’ ಎಂದು ಬರೆದುಕೊಂಡರು. ಗಾಜಿನ ಬುಡದಲ್ಲಿ ವೈಪರ್ ಕೂರುವ ಜಾಲರಿ: ಒಣ. ಆಮೇಲೆ ಮುಂದಿನ ಗಾಜಿನ ಮೇಲೆ ಪೈಪ್ ಹಿಡಿದು ನಾಲ್ಕನೇ ನಿಮಿಷಕ್ಕೆ ಒಳಗಿನ ಹುಡುಗ “ಬಂತು, ಬಂತು!” ಎಂದು ಕೂಗಿದ. 1ನೇ ಹಾಳೆ ತೋಯ್ದು ಕಪ್ಪಾಗಿತ್ತು. ಪ್ರಶಿಕ್ಷಣಾರ್ಥಿ ಫಲಕದಲ್ಲಿ ‘ತೀರ್ಮಾನ: ಗಾಜಿನ ಬೀಡಿಂಗ್’ ಎಂದು ಬರೆದ. ಗಂಟೆ ಹೊಡೆಯಿತು. ಸ್ಪಂಜಿನಲ್ಲಿ ಹೀರಿ ಅಳತೆ ಜಾಡಿಗೆ ಹಿಂಡಿದಾಗ 620 ಮಿ.ಲೀ. ನೀರು. ನಾನು ‘ಉತ್ತಮ’ ಬರೆದೆ. ಎರಡು ಬಾರಿ ಸಿಲಿಕೋನ್‌ಗೆ ದುಡ್ಡು ಕೊಟ್ಟವನಿಗೆ ಆ ತೀರ್ಮಾನ ಸಮಾಧಾನವನ್ನೇ ಕೊಟ್ಟಿತು.

ಪೈಪ್ ಸುತ್ತುತ್ತಿದ್ದ ಹುಡುಗ ಕೇಳಿದ: “ಸರ್, ಆ ಕಡೆ ಚಕ್ರದ ಹಿಂದೆ ನೀರು ಇಳೀತಾನೇ ಇದೆ. ಈ ಕಡೆ ಒಂದು ಹನಿನೂ ಇಲ್ವಲ್ಲ?”

ನೀರು ಎಲ್ಲಿ ಹೊರಹೋಗುತ್ತದೆ?

ಬಲ ಮುಂಚಕ್ರದ ಹಿಂದೆ ಧಾರೆ, ಎಡ ಮುಂಚಕ್ರದ ಹಿಂದೆ ಒಣ ನೆಲ. ಕಾರಿನ ಎರಡು ಬದಿಗಳು ಒಂದೇ ರೀತಿ ಇರಬೇಕಾದವು, ಒಂದು ಇನ್ನೊಂದಕ್ಕೆ ನಿಯಂತ್ರಣ. ಆ ಸಂಜೆ ಪ್ರಶಿಕ್ಷಣಾರ್ಥಿಗಳ ಜೊತೆ ಕೂತು ಮಾತಾಡಿದಾಗ ನಮ್ಮೆಲ್ಲರ ತಲೆಯಲ್ಲೂ ಇದ್ದ ಒಂದು ತಪ್ಪು ಕಲ್ಪನೆ ಹೊರಬಂತು. ಕಾರು ಎಂದರೆ ಮುಚ್ಚಿದ ಡಬ್ಬಿ, ನೀರು ಒಳಗೆ ಬಂದರೆ ಎಲ್ಲೋ ತೂತಾಗಿದೆ, ತೂತು ಮುಚ್ಚಬೇಕು. ಗ್ಯಾರೇಜಿಗೆ ಹೋದಾಗ ನಾನು ಹೇಳಿದ್ದೂ ಇದನ್ನೇ.

ಕಾರು ಹಾಗೆ ಕಟ್ಟಿದ್ದಲ್ಲ. ಗಾಜಿನ ಮೇಲೆ ಬಿದ್ದ ಮಳೆ ಬುಡದ ಜಾಲರಿಯ ಮೂಲಕ ಬಾನೆಟ್ಟಿನ ಹಿಂದಿರುವ ಒಂದು ತೊಟ್ಟಿಗೆ ಇಳಿಯಲಿ ಎಂದೇ ಮಾಡಿರುತ್ತಾರೆ. ತೊಟ್ಟಿಯ ಎರಡು ತುದಿಗಳಲ್ಲಿ ಕೊಳವೆ ಅಥವಾ ರಂಧ್ರ. ಅಲ್ಲಿಂದ ನೀರು ಮುಂಚಕ್ರಗಳ ಹಿಂದೆ ನೆಲಕ್ಕೆ. ಒಳಗಿನ ಬ್ಲೋವರ್ ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದೂ ಅದೇ ತೊಟ್ಟಿಯಿಂದ, ತಳದಿಂದ ಸ್ವಲ್ಪ ಎತ್ತರದಲ್ಲಿ ಕಟ್ಟೆ ಇರುವ ಒಂದು ಬಾಯಿಯ ಮೂಲಕ. ಕೆಳಗಿನ ದಾರಿ ಕಟ್ಟಿದರೆ ನೀರು ಏರುತ್ತ ಹೋಗಿ ಆ ಕಟ್ಟೆ ದಾಟಿ, ಬ್ಲೋವರ್ ಪೆಟ್ಟಿಗೆಗೆ ಇಳಿದು, ಎಡಗಡೆ ಕಾಲಬುಡಕ್ಕೆ ಬೀಳುತ್ತದೆ. ಬಾಗಿಲೂ ಅಷ್ಟೆ. ಇಳಿಸುವ ಗಾಜಿನ ಹೊರಅಂಚಿನ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಪ್ರತಿ ಮಳೆಗೂ ಬಾಗಿಲಿನ ಹೊಟ್ಟೆಯೊಳಗೆ ನೀರು ಇಳಿದು ತಳದ ತೂತುಗಳಿಂದ ಹೊರಹೋಗುತ್ತದೆ. ಒಳಬದಿಯ ರೆಕ್ಸಿನ್ ಹಲಗೆಯ ಹಿಂದೆ ಅಂಟಿಸಿದ ಒಂದು ಪ್ಲಾಸ್ಟಿಕ್ ಹಾಳೆ ಅದು ನಮ್ಮ ಕಡೆ ಬಾರದಂತೆ ಕಾಯುತ್ತದೆ.

ಹಂಚಿನ ಮಾಡಿನ ತತ್ವವೂ ಇದೇ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಇವತ್ತಿಗೂ ಆ ಬಗೆಯ ಹಂಚಿನ ಮೈಮೇಲೆ ಕಾಣುವ ಗಾಡಿಗಳು ನೀರನ್ನು ತಡೆಯುವುದಿಲ್ಲ, ನಡೆಸುತ್ತವೆ. ಮೇಲಿನ ಹಂಚು ಕೆಳಗಿನದರ ಮೇಲೆ ಕೂರುತ್ತದೆ. ನಡುವೆ ಗಾರೆಯೂ ಇಲ್ಲ, ಅಂಟೂ ಇಲ್ಲ.

ಹಾಗಾದರೆ ಜಾಲರಿಯ ಮೇಲೆ ನೀರು ಹಾಕಿದಾಗ ಒಣಗಿದ್ದು, ಗಾಜಿನ ಮೇಲೆ ಹಾಕಿದಾಗ ಒದ್ದೆಯಾದದ್ದು ಏಕೆ? ಪಾಠದಲ್ಲಿ ನಮ್ಮನ್ನು ಏಮಾರಿಸಿದ ಜಾಗ ಇದೇ, ಹಾಗಾಗಿ ಇಲ್ಲಿ ನಿಲ್ಲುತ್ತೇನೆ. 5 ನಿಮಿಷದಲ್ಲಿ ತೊಟ್ಟಿ ತುಂಬಿತ್ತು, ಉಕ್ಕಿರಲಿಲ್ಲ. ಮುಂದಿನ ಸರದಿಯಲ್ಲಿ ಗಾಜಿನ ಮೇಲೆ ಹಾಕಿದ ನೀರು ಅದೇ ತೊಟ್ಟಿಗೇ ಇಳಿದು ನಾಲ್ಕನೇ ನಿಮಿಷಕ್ಕೆ ಕಟ್ಟೆ ದಾಟಿತು. ಹಿಂದಿನ ಪ್ರಯೋಗದ ನೀರು ಮುಂದಿನ ಪ್ರಯೋಗದ ಲೆಕ್ಕಕ್ಕೆ ಸೇರಿತ್ತು. ಹತ್ತು ನಿಮಿಷದ ಮಳೆಗೆ ಕಾರು ಒಣಗಿರುತ್ತಿದ್ದುದೂ, ರಾತ್ರಿಯಿಡೀ ಹೊಯ್ದರೆ ಕೆರೆಯಾಗುತ್ತಿದ್ದುದೂ ಆಗ ಅರ್ಥವಾಯಿತು. ಕಾಲ ಎಂಬುದೂ ಒಂದು ಚರ ಎಂದು ನಾವು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇವೆ.

ಎರಡನೇ ಪಾಠ

ಸೋಮವಾರ ಅದೇ ತರಗತಿ, ಅದೇ ಪ್ರಶಿಕ್ಷಣಾರ್ಥಿ. ಬೇರೆಯವರಿಗೆ ಕೊಡಬಹುದಿತ್ತು, ಕೊಡಲಿಲ್ಲ. ಅವನು ಮೊದಲ ಮಾತಿಗೇ “ಶನಿವಾರ ನಾನು ಬರೆದ ತೀರ್ಮಾನ ತಪ್ಪಿರಬಹುದು. ಹೇಗೆ ಪರೀಕ್ಷೆ ಮಾಡೋಣ?” ಎಂದು ಕೇಳಿದ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಮೇಷ್ಟರು ಹೀಗೆ ಹೇಳುವುದನ್ನು ಅವರು ಕೇಳಿದ್ದು ಕಡಿಮೆ ಇರಬೇಕು. ಆಮೇಲೆ ಒಟ್ಟಿಗೇ ಹತ್ತು ಧ್ವನಿ. ಜಾಲರಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪ್ ಹಾಕಿ, ಗಾಜಿಗೆ ಮಾತ್ರ ನೀರು ಹಾಕಬೇಕೆಂಬ ಉಪಾಯ ಮಕ್ಕಳದ್ದು. 15 ನಿಮಿಷ ಹಾಕಿದರು. 1ನೇ ಹಾಳೆ ಒಣ. ಬೀಡಿಂಗ್ ನಿರಪರಾಧಿ.

ಜಾಲರಿಯ ಸ್ಕ್ರೂ ಬಿಚ್ಚಿ ನೋಡಿದರೆ ಎಡತುದಿಯಲ್ಲಿ ಅಕೇಶಿಯಾ ಎಲೆ, ಸಿಪ್ಪೆ, ಧೂಳು ಕೊಳೆತು ಕಪ್ಪು ಗೊಬ್ಬರವಾಗಿತ್ತು. ಕಾಲೇಜಿನಲ್ಲಿ ನಾನು ನೆರಳಿಗೆಂದು ನಿಲ್ಲಿಸುವುದು ಆ ಮರದಡಿಯೇ. ಎರಡು ಹಿಡಿ ತೆಗೆದ ಮೇಲೆ ಹಳೆಯ ಸೈಕಲ್ ಬ್ರೇಕ್ ತಂತಿಯನ್ನು ಮೆಲ್ಲಗೆ ತೂರಿಸಿದರು. ಒಮ್ಮೆಲೇ ಗುಳುಗುಳು ಸದ್ದಾಗಿ ಎಡಚಕ್ರದ ಹಿಂದೆ ಕಪ್ಪು ನೀರು ಧುಮುಕಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಇಂಥ ಕಡೆ ಕಂಪ್ರೆಸರ್ ಗಾಳಿ ಬಿಡಬಾರದು. ಒಳಗಿನ ಕೊಳವೆ ಕಳಚಿಕೊಂಡರೆ ಹೊಸ ಸೋರಿಕೆ ಶುರು.

ಅಲ್ಲಿಗೇ ಪಾಠ ಮುಗಿಸಿದ್ದರೆ ಮತ್ತೊಂದು ಅರ್ಧಸತ್ಯ. ಶನಿವಾರದ ಕ್ರಮದಲ್ಲೇ, ಅಷ್ಟೇ ಹೊತ್ತು, ಮತ್ತೆ ನೀರು ಹಾಕಿದಾಗ 1ನೇ ಹಾಳೆ ಒಣಗಿತ್ತು, 3ನೇದು ಒದ್ದೆ. ಹಿಂಡಿದರೆ 110 ಮಿ.ಲೀ. “ಹಾಗಾದ್ರೆ ಎಲೆ ಕಾರಣ ಅಲ್ವಾ?” ಎಂದು ಒಬ್ಬಳು ಕೇಳಿದಳು. ಒಂದು ಕಾರ್ಯಕ್ಕೆ ಎರಡು ಕಾರಣ ಇರಬಹುದು, ಒಂದನ್ನು ಸರಿಪಡಿಸಿದರೆ ಕಾರ್ಯ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ ಎಂಬುದು 620 ಮತ್ತು 110 ಎಂಬ ಎರಡು ಅಂಕಿಗಳಿಂದ ಮಕ್ಕಳಿಗೇ ಹೊಳೆಯಿತು. ‘ಒದ್ದೆ / ಒಣ’ ಎಂದಷ್ಟೇ ಬರೆದಿದ್ದರೆ ಹೊಳೆಯುತ್ತಿರಲಿಲ್ಲ. ಶನಿವಾರ ‘ಚಿಮ್ಮಿದ್ದು’ ಎಂದು ತಳ್ಳಿಹಾಕಿದ ಸಾಲನ್ನು ಪ್ರಶಿಕ್ಷಣಾರ್ಥಿ ತಾನೇ ಓದಿ ಹೇಳಿದ.

ಬಾಗಿಲಿನ ಅಂಚಿನ ರಬ್ಬರ್ ಮೊದಲ ಶಂಕಿತ. ಕಾಗದದ ಪಟ್ಟಿಯನ್ನು ಸಂದಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆದರೆ ಬಿಗಿಯಾಗಿ ಬರಬೇಕು. ಸುಮ್ಮನೆ ಜಾರಿ ಬಂದರೆ ಅಲ್ಲಿ ರಬ್ಬರ್ ಕೂತಿಲ್ಲ. ಸುತ್ತ ಒಂದೊಂದು ಗೇಣಿಗೆ ಎಳೆದು ನೋಡಿದರು, ಎಲ್ಲ ಕಡೆಯೂ ಬಿಗಿ. ಒಳಹಲಗೆ ಬಿಚ್ಚಿದಾಗ ಉತ್ತರ ಸಿಕ್ಕಿತು. ಹಿಂದೆಂದೋ ಸ್ಪೀಕರ್ ಕೂರಿಸಿದವರು ಪ್ಲಾಸ್ಟಿಕ್ ಹಾಳೆಯನ್ನು ಅರ್ಧ ಹರಿದಿದ್ದರು. ಬಾಗಿಲಿನ ತಳದ ಮೂರು ತೂತುಗಳಲ್ಲಿ ಎರಡು ಕಪ್ಪು ಬಣ್ಣದಲ್ಲಿ ಮುಚ್ಚಿಹೋಗಿದ್ದವು. ತುಕ್ಕು ಹಿಡಿಯದಿರಲಿ ಎಂದು ಮಳೆಗಾಲಕ್ಕೆ ಮುಂಚೆ ನಾನೇ ಹೊಡೆಸಿದ ಲೇಪನ ಅದು.

ದುರಸ್ತಿಯ ವಿವರ

ಬಾಗಿಲಿನ ತೂತುಗಳನ್ನು ತಂತಿಯಿಂದ ಬಿಡಿಸಿದೆವು. ದಪ್ಪ ಪಾಲಿಥೀನ್ ಹಾಳೆಯನ್ನು ಹಳೆಯದರ ಅಳತೆಗೆ ಕತ್ತರಿಸಿ ಬ್ಯೂಟೈಲ್ ಟೇಪಿನಿಂದ ಅಂಟಿಸಿದೆವು. ಹಾಳೆಯ ಕೆಳ ಅಂಚು ಬಾಗಿಲಿನ ಹೊಟ್ಟೆಯೊಳಕ್ಕೆ ಹೋಗಬೇಕು, ಆಗ ಹಾಳೆಯ ಮೇಲೆ ಇಳಿದ ನೀರು ಒಳಕ್ಕೇ ಬಿದ್ದು ತೂತಿನಿಂದ ಹೊರಹೋಗುತ್ತದೆ. ಅಂಚನ್ನು ಹೊರಗೆ ಬಿಟ್ಟರೆ ಎಷ್ಟು ಚೆನ್ನಾಗಿ ಅಂಟಿಸಿದರೂ ಹೊಸ್ತಿಲಿಗೇ ಬರುತ್ತದೆ. “ಮೇಲಿನ ಹಂಚು ಕೆಳಗಿನದರ ಮೇಲೆ ಕೂತ ಹಾಗೆ” ಎಂದು ಹುಡುಗಿ ವಿವರಿಸಿದಳು. ಈ ಸಲ ಪ್ರಶಿಕ್ಷಣಾರ್ಥಿ ಅವಳಿಂದ ಫಲಕದ ಮೇಲೆ ಚಿತ್ರ ಬರೆಸಿದ.

ಗಾಜಿನ ಸುತ್ತಲಿನ ಸಿಲಿಕೋನ್ ಕಿತ್ತಾಗ ಅಡಿಯಲ್ಲಿ ತುಕ್ಕಿನ ಗೆರೆ ಕಂಡಿತು. ವಿನೆಗರ್ ವಾಸನೆ ಬರುವ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬಣ್ಣ ಹೋದ ತಗಡಿಗೆ ಅದು ಒಳ್ಳೆಯದಲ್ಲ, ಅದರ ಮೇಲೆ ಮತ್ತೆ ಬಣ್ಣವೂ ಹಿಡಿಯುವುದಿಲ್ಲ. ರಬ್ಬರ್ ಬೀಡಿಂಗ್ ನಿಜಕ್ಕೂ ಸೋರುತ್ತಿದ್ದರೆ ಗಟ್ಟಿಯಾಗದೆ ಮೆತ್ತಗೇ ಉಳಿಯುವ ಸೀಲಂಟನ್ನು ರಬ್ಬರಿನ ತುಟಿಯೊಳಗೆ ತುಂಬಬೇಕು. ತಗಡಿನ ಜೋಡಣೆಗಳಿಗೆ, ಚಾವಣಿಯ ದೋಣಿಯ ಬಿರುಕಿಗೆ ಪಾಲಿಯುರೆಥೇನ್ ಸೀಮ್ ಸೀಲರ್. ಅದೂ ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಒಣಗಿದ ಮೇಲೆ. ಸೀಟಿನ ಬೋಲ್ಟ್ ಬಳಿಯ ತಗಡು ಕೆರೆದಷ್ಟೂ ಹೋಗುತ್ತಿದ್ದುದರಿಂದ ಕತ್ತರಿಸಿ ಹೊಸ ತುಂಡನ್ನು ವೆಲ್ಡ್ ಮಾಡಿಸಿದೆ. ಅದು ಆಗುವವರೆಗೆ ಯಾರನ್ನೂ ಕಾರಿಗೆ ಹತ್ತಿಸಲಿಲ್ಲ.

ಈ ಪಾಠ ಮಾಡಬಯಸುವವರಿಗೆ

ನೀರು ಮಳೆಯದ್ದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಬಿಸಿಲಿನ ದಿನ ಎಸಿ ಹಾಕಿ ಓಡಿಸಿದ ಮೇಲೆ ಎಡ ಕಾಲಬುಡ ಒದ್ದೆಯಾದರೆ ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿರಬಹುದು. ನೀರು ಅಂಟಂಟಾಗಿ, ಸಿಹಿ ವಾಸನೆಯಿದ್ದರೆ ಅದು ಹೀಟರಿನ ಕೂಲೆಂಟ್. ಅದು ವಿಷ, ಮಕ್ಕಳು ಮುಟ್ಟಿ ಬಾಯಿಗಿಡದಂತೆ ನೋಡಿಕೊಳ್ಳಬೇಕು. ಡಿಕ್ಕಿಯಲ್ಲಿ ನೀರು ನಿಂತರೆ ಹಿಂದಿನ ದೀಪಗಳ ವಾಷರ್, ಡಿಕ್ಕಿಯ ರಬ್ಬರ್ ನೋಡಿ. ಚಾವಣಿಯ ಬಟ್ಟೆಯಲ್ಲಿ ಕಲೆ ಇದ್ದರೆ ಆಂಟೆನಾ ಕೂರಿಸಿದ ತೂತು. ಪೈಪಿನ ನೀರಿಗೆ ಸಿಗದ ಸಣ್ಣ ಸಂದುಗಳಿಗೆ ಇನ್ನೊಂದು ಉಪಾಯವಿದೆ: ಗಾಜು ಏರಿಸಿ, ಬ್ಲೋವರನ್ನು ಹೊರಗಾಳಿಯ ಸ್ಥಾನದಲ್ಲಿ ಪೂರ್ತಿ ವೇಗಕ್ಕಿಟ್ಟು, ಹೊರಗಿನ ಸಂದುಗಳಿಗೆ ಸೋಪಿನ ನೀರು ಹಚ್ಚಿದರೆ ಗಾಳಿ ಬರುವ ಕಡೆ ಗುಳ್ಳೆ ಏಳುತ್ತದೆ. ಇದನ್ನು ಒಣ ಕಾರಿನಲ್ಲಿ, ಬ್ಯಾಟರಿ ಜೋಡಿಸಿ, ಶಿಕ್ಷಕರೇ ಮಾಡಿ ತೋರಿಸಬೇಕು.

ಕಾರು ಇಲ್ಲದ ಶಾಲೆಗೆ ಸೋರುವ ತರಗತಿಯ ಕಿಟಕಿಯೂ ಸಾಕು. ಮಳೆಗಾಲದಲ್ಲಿ ಅದಕ್ಕೆ ಬರವಿಲ್ಲ.

ಪಾಠಯೋಜನೆಯ ವಿಷಯಕ್ಕೆ ಬಂದರೆ, ನಮ್ಮ ವಿಭಾಗದಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇವೆ. ಅನ್ವೇಷಣೆಯ ಪಾಠಗಳಲ್ಲಿ ತೀರ್ಮಾನದ ಅಂಕಣವನ್ನು ಪಾಠದ ನಂತರ, ಮಕ್ಕಳ ಮಾತಿನಲ್ಲಿ ತುಂಬಬೇಕು. ‘ಪೂರ್ವಜ್ಞಾನ’ದಲ್ಲಿ ಮಕ್ಕಳು ಮನೆಯಲ್ಲಿ ಕಂಡ ಒಂದಾದರೂ ನಿರ್ದಿಷ್ಟ ಸಂಗತಿ ಇರಬೇಕು, ಅದನ್ನು ಹಿಂದಿನ ದಿನ ಅವರನ್ನೇ ಕೇಳಿ ಬರೆಯಬೇಕು. ಇದರಿಂದ ಸಮಯ ಹೆಚ್ಚು ಬೇಕು, ಒಂದು ಅವಧಿಯ ಪಾಠ ಎರಡಾಗುತ್ತದೆ, ಪಾಠಗಳ ಸಂಖ್ಯೆ ಮುಗಿಸಬೇಕಾದ ಪ್ರಶಿಕ್ಷಣಾರ್ಥಿಗಳು ಗೊಣಗುತ್ತಾರೆ. ಗೊಣಗುವುದರಲ್ಲಿ ನ್ಯಾಯವಿದೆ, ಎಲ್ಲ ಪಾಠಗಳನ್ನೂ ಹೀಗೆ ಮಾಡಲಾಗದು.

ಘಟಕ ಪರೀಕ್ಷೆಯಲ್ಲಿ ಪ್ರಶಿಕ್ಷಣಾರ್ಥಿ ಕೇಳಿದ ಪ್ರಶ್ನೆ ಇದು: ‘ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಂತ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿಗೆ ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿದೆ. ನೀವು ಮೊದಲು ಎಲ್ಲಿ ನೋಡುತ್ತೀರಿ? ಏಕೆ?’ ಹೆಚ್ಚಿನವರು ‘ಅದಕ್ಕಿಂತ ಹಿಂದೆ, ಏರಿನ ಕಡೆ’ ಎಂದು ಬರೆದಿದ್ದರು. ಪೈಪ್ ಹಿಡಿದಿದ್ದ ಹುಡುಗ ‘ಮೊದಲು ಬಸ್ಸಿನ ಮೇಲೆ ಹತ್ತಿ ನೀರು ಇಳಿಯುವ ಪೈಪು ಕಟ್ಟಿದೆಯಾ ನೋಡುತ್ತೇನೆ’ ಎಂದು ಬರೆದಿದ್ದ. ಮಾದರಿ ಉತ್ತರದಲ್ಲಿ ಅದು ಇರಲಿಲ್ಲ. ಪೂರ್ಣ ಅಂಕ ಕೊಡಬೇಕೇ ಎಂದು ಪ್ರಶಿಕ್ಷಣಾರ್ಥಿ ನನ್ನನ್ನು ಕೇಳಿದ. ಕೊಡು ಎಂದೆ.

ಕಾರನ್ನು ಈಗ ಅಕೇಶಿಯಾ ಮರದಡಿ ನಿಲ್ಲಿಸುತ್ತಿಲ್ಲ. ಕಾರ್ಪೆಟ್ಟಿನ ಅಡಿ ಇನ್ನೂ ಹೊಸ ಸ್ಪಂಜು ಹಾಕಿಸಿಲ್ಲ. ಒಂದು ಪೂರ್ತಿ ಮಳೆಗಾಲ ಕಳೆಯಲಿ ಎಂದು ದಿನಪತ್ರಿಕೆಯ ಹಾಳೆಗಳನ್ನೇ ಹಾಸಿದ್ದೇನೆ. ಪ್ರತಿ ಸೋಮವಾರ ಪ್ರಶಿಕ್ಷಣಾರ್ಥಿಗಳಲ್ಲಿ ಒಬ್ಬರು ಬಂದು ಅವುಗಳನ್ನು ಎತ್ತಿ ನೋಡಿ, ದಿನಾಂಕ ಹಾಕಿ ಬರೆದಿಡುತ್ತಾರೆ.